ಎರೆನಾಡಿನ ಬಿಸಿಲಲ್ಲಿ ಇಂಪೀರಿಯಲ್ ಸ್ಟೌಟ್

ಬಿಯರ್ ಎಂದೊಡನೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಕಡೆ ನೆನಪಾಗುವುದು ಹೊಂಬಣ್ಣದ, ನೊರೆಯುಕ್ಕುವ, ಬಾಟಲಿಯ ಮೈ ಬೆವರುವಷ್ಟು ತಣ್ಣಗಿರುವಾಗಲೇ ಮುಗಿಸಬೇಕಾದ ಪಾನೀಯ. ಅದೇ ಬಿಯರಿನ ಕುಲಕ್ಕೆ ಸೇರಿಯೂ ಈ ಲಕ್ಷಣಗಳಲ್ಲಿ ಒಂದನ್ನೂ ಉಳಿಸಿಕೊಳ್ಳದ ಬಗೆಯೊಂದಿದೆ. ಹುರಿದ ಧಾನ್ಯದಿಂದ ಕಪ್ಪಾದ, ಮದ್ಯಸಾರದ ಪ್ರಮಾಣ ಶೇ. 8ರಿಂದ 12ರವರೆಗೂ ಕೆಲವೊಮ್ಮೆ 14ರವರೆಗೂ ಏರುವ ಈ ಪಾನೀಯಕ್ಕೆ ಇಂಪೀರಿಯಲ್ ಸ್ಟೌಟ್ ಎಂದು ಹೆಸರು. ವಿಸ್ಕಿ ತುಂಬಿಟ್ಟು ಖಾಲಿ ಮಾಡಿದ ಓಕ್ ಮರದ ಪೀಪಾಯಿಯಲ್ಲಿ ಅದನ್ನು ತಿಂಗಳುಗಟ್ಟಲೆ ಮಾಗಿಸಿದಾಗ ಅದು ಬಿಯರ್ ಲೋಕದ ಅತ್ಯಂತ ಗಾಢವಾದ ರುಚಿಗಳಲ್ಲಿ ಒಂದಾಗುತ್ತದೆ. ಚಳಿದೇಶದ ಈ ವಸ್ತುವನ್ನು ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕೃಷ್ಣಾ–ತುಂಗಭದ್ರೆಗಳ ನಡುವಣ ನಾಡಿನಲ್ಲಿ ನಿಂತು ನೋಡುವುದು ವಿಚಿತ್ರವೆನಿಸಬಹುದು. ಆದರೆ ಇದರ ತಯಾರಿಕೆ, ಮಾಗುವಿಕೆ, ರುಚಿ ಈ ಮೂರನ್ನೂ ಆಳುವುದು ಉಷ್ಣತೆಯೇ ಆದ್ದರಿಂದ, ಬಿಸಿಲನ್ನು ಬಲ್ಲವರಿಗೆ ಇದರ ಮರ್ಮ ಬೇಗ ತಿಳಿಯುತ್ತದೆ.

ಸ್ಟೌಟ್‌ನ ಮೂಲವಿರುವುದು 18ನೆಯ ಶತಮಾನದ ಲಂಡನ್ನಿನಲ್ಲಿ, ಅಲ್ಲಿನ ಹಮಾಲರಿಗೆ ಪ್ರಿಯವಾಗಿದ್ದ ಪೋರ್ಟರ್ ಎಂಬ ಕಂದುಗಪ್ಪು ಬಿಯರ್‌ನಲ್ಲಿ. ಅದರಲ್ಲೇ ಹೆಚ್ಚು ಗಟ್ಟಿಯಾಗಿ ತಯಾರಿಸಿದ್ದನ್ನು ಸ್ಟೌಟ್ ಎಂದು ಕರೆಯುವ ರೂಢಿ ಬೆಳೆಯಿತು. ಸದರ್ಕ್‌ನಲ್ಲಿದ್ದ ಥ್ರೇಲ್ ಕುಟುಂಬದ ಬ್ರೂವರಿ, 1781ರಲ್ಲಿ ಬಾರ್ಕ್ಲೇ–ಪರ್ಕಿನ್ಸ್ ಕೈಗೆ ಬಂದ ಮೇಲೆಯೂ, ರಷ್ಯಾದ ಚಕ್ರವರ್ತಿನಿ ಎರಡನೆಯ ಕ್ಯಾಥರೀನಳ ಆಸ್ಥಾನಕ್ಕೆ ಇಂಥ ಗಾಢ ಬಿಯರನ್ನು ಕಳುಹಿಸುತ್ತಿತ್ತು. ಚಿತ್ರಕಾರ ಜೋಸೆಫ್ ಫ್ಯಾರಿಂಗ್ಟನ್ 1796ರ ತನ್ನ ದಿನಚರಿಯಲ್ಲಿ ಇದನ್ನು ದಾಖಲಿಸಿದ್ದಾನೆ. ‘ಇಂಪೀರಿಯಲ್’ ಎಂಬ ವಿಶೇಷಣ ಅಂಟಿಕೊಂಡದ್ದು ಆ ಆಸ್ಥಾನದ ನಂಟಿನಿಂದ.

ಪೋರ್ಟರ್ ರಷ್ಯಾಕ್ಕಷ್ಟೇ ಹೋಗಲಿಲ್ಲ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನಿಂದ ಭಾರತಕ್ಕೆ ಹಡಗೇರಿ ಬಂದ ಬಿಯರಿನಲ್ಲಿ ಅದರ ಪಾಲು ದೊಡ್ಡದು. ತಿಳಿಬಣ್ಣದ ಪೇಲ್ ಏಲ್ ಅಧಿಕಾರಿಗಳ ಮೇಜಿಗೆ, ಕಪ್ಪು ಪೋರ್ಟರ್ ಗೋರಾ ಸಿಪಾಯಿಗಳ ಬ್ಯಾರಕ್ಕಿಗೆ ಎಂಬುದು ಅಂದಿನ ಸಾಮಾನ್ಯ ವಿಭಜನೆ. ಲಿಂಗಸುಗೂರು ಆಗ ದಂಡಿನ ಊರು. ನಿಜಾಮನ ಖರ್ಚಿನಲ್ಲಿ ಇಂಗ್ಲಿಷರು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಎಂಬ ಸೈನ್ಯದ ನೆಲೆಯೊಂದು ಇಲ್ಲಿತ್ತು. ಆ ಸೈನ್ಯದ ಬಾಕಿಗಾಗಿಯೇ 1853ರ ಒಪ್ಪಂದದಲ್ಲಿ ಕೃಷ್ಣಾ–ತುಂಗಭದ್ರೆಗಳ ನಡುವಣ ಈ ರಾಯಚೂರು ದೋಆಬ್ ಇಂಗ್ಲಿಷರ ವಶಕ್ಕೆ ಹೋಗಿ 1860ರಲ್ಲಿ ಮರಳಿತು, ಮತ್ತು 1905ರವರೆಗೆ ಲಿಂಗಸುಗೂರು ತನ್ನದೇ ಹೆಸರಿನ ಜಿಲ್ಲೆಯ ಕೇಂದ್ರವಾಗಿತ್ತು. ಆದರೆ ಕಂಟಿಂಜೆಂಟಿನಲ್ಲಿ ಸಿಪಾಯಿಗಳು ದೇಶೀಯರು, ಮೇಲಿನ ಅಧಿಕಾರಿಗಳು ಮಾತ್ರ ಇಂಗ್ಲಿಷರು. ಆದ್ದರಿಂದ ಪೋರ್ಟರಿನ ಪೀಪಾಯಿಗಳು ಲಿಂಗಸುಗೂರಿಗಿಂತ ಗೋರಾ ಪಲ್ಟನ್ನುಗಳಿದ್ದ ಬಳ್ಳಾರಿ, ಸಿಕಂದರಾಬಾದ್, ಬೆಂಗಳೂರುಗಳಿಗೇ ಹೆಚ್ಚಾಗಿ ಹೋಗಿರಬೇಕೆಂದು ಊಹಿಸುವುದು ನ್ಯಾಯ. ಬೆಂಗಳೂರಿನಲ್ಲಂತೂ ಸ್ಥಳೀಯ ಬ್ರೂವರಿಗಳೇ ಹುಟ್ಟಿಕೊಂಡು ದೊಡ್ಡ ಪೀಪಾಯಿಗಳನ್ನು ಎತ್ತಿನ ಬಂಡಿಗಳಲ್ಲಿ ದಂಡಿಗೆ ಸಾಗಿಸುತ್ತಿದ್ದವು. ಅಂಥ ಹಲವು ಬ್ರೂವರಿಗಳನ್ನು 1915ರಲ್ಲಿ ಥಾಮಸ್ ಲೀಶ್‌ಮನ್ ಒಗ್ಗೂಡಿಸಿದ್ದರಿಂದ ಹುಟ್ಟಿದ್ದೇ ಯುನೈಟೆಡ್ ಬ್ರೂವರೀಸ್.

ಅಂದಿನ ಪೀಪಾಯಿಗೂ ಇಂದಿನ ಪೀಪಾಯಿಗೂ ಇರುವ ವ್ಯತ್ಯಾಸವನ್ನು ಇಲ್ಲೇ ಹೇಳಿಬಿಡಬೇಕು. ಆಗಿನ ಬ್ರೂವರಿಗಳಿಗೆ ಪೀಪಾಯಿ ಬರೀ ಪಾತ್ರೆ, ಮರದ ವಾಸನೆ ಬಿಯರಿಗೆ ಹತ್ತಿದರೆ ಅದು ದೋಷ. ಅದಕ್ಕೆಂದೇ ಅವರು ವಾಸನೆ ಬಿಡದ ಬಾಲ್ಟಿಕ್ ತೀರದ ಓಕ್ ಮರವನ್ನು ಆರಿಸಿ, ಅಮೆರಿಕದ ಓಕನ್ನು ದೂರವಿಡುತ್ತಿದ್ದರು. ದೂರವಿಟ್ಟ ಆ ಅಮೆರಿಕದ ಓಕಿನ ವಾಸನೆಗಾಗಿಯೇ ಇಂದು ಜನ ಹೆಚ್ಚು ಹಣ ಕೊಡುತ್ತಾರೆ.

ತಯಾರಿಕೆಯ ಮೊದಲ ಹಂತ ಜವೆಗೋಧಿಯನ್ನು, ಅಂದರೆ ಬಾರ್ಲಿಯನ್ನು, ನೆನೆಸಿ ಮೊಳಕೆ ಬರಿಸುವುದು. ಮೊಳೆಯುವಾಗ ಕಾಳಿನೊಳಗೆ ಕಿಣ್ವಗಳು ಹುಟ್ಟುತ್ತವೆ. ಅವು ಹಿಟ್ಟಿನಂಶವನ್ನು ಸಕ್ಕರೆಯಾಗಿ ಒಡೆಯಬಲ್ಲವು. ಮೊಳಕೆಯನ್ನು ಸರಿಯಾದ ಸಮಯದಲ್ಲಿ ಬಿಸಿಗಾಳಿಯಿಂದ ತಡೆದು ಒಣಗಿಸಿದ ಕಾಳೇ ಮಾಲ್ಟ್. ಇದನ್ನು ನುಚ್ಚು ಮಾಡಿ ಬಿಸಿನೀರಿನಲ್ಲಿ ಇಟ್ಟರೆ ಸಿಹಿ ರಸ ಬರುತ್ತದೆ, ಆ ರಸಕ್ಕೆ ಕಹಿಗಾಗಿ ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಹಾಕಿ ಕುದಿಸಿ, ತಣಿಸಿ, ಈಸ್ಟ್ ಬೆರೆಸಿದರೆ ಈಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ. ಇಷ್ಟು ಎಲ್ಲ ಬಿಯರಿಗೂ ಸಮಾನ. ಸ್ಟೌಟಿನಲ್ಲಿ ಧಾನ್ಯದ ಸಣ್ಣದೊಂದು ಪಾಲನ್ನು ಕಾಫಿಬೀಜದ ಹದಕ್ಕೆ ಕಪ್ಪಾಗಿ ಹುರಿದಿರುತ್ತಾರೆ. 1817ರಲ್ಲಿ ಡೇನಿಯಲ್ ವೀಲರ್ ಎಂಬಾತ ತಿರುಗುವ ಕಬ್ಬಿಣದ ಉರುಳೆಯಲ್ಲಿ ಕಾಳನ್ನು ಸುಡದೆ ಕಪ್ಪಾಗಿಸುವ ವಿಧಾನಕ್ಕೆ ಪೇಟೆಂಟ್ ಪಡೆದ ಮೇಲೆ, ಸ್ವಲ್ಪವೇ ಕರಿ ಮಾಲ್ಟಿನಿಂದ ಇಡೀ ಹಂಡೆಯನ್ನು ಕಪ್ಪಾಗಿಸುವುದು ಸಾಧ್ಯವಾಯಿತು. ಇಂಪೀರಿಯಲ್ ಸ್ಟೌಟಿಗೆ ನೀರಿನ ಪ್ರಮಾಣಕ್ಕೆ ಹೋಲಿಸಿದರೆ ಧಾನ್ಯ ಬಹಳ ಹೆಚ್ಚು, ಕುದಿಸುವ ಹೊತ್ತೂ ಹೆಚ್ಚು. ರಸದಲ್ಲಿ ಸಕ್ಕರೆ ಎಷ್ಟಿರುತ್ತದೆಂದರೆ, ತಾನೇ ಉಂಟುಮಾಡಿದ ಮದ್ಯಸಾರದಲ್ಲಿ ಈಸ್ಟ್ ಸೋತು ನಿಂತಾಗಲೂ ಒಂದಿಷ್ಟು ಸಿಹಿ ಕೆಳಗೆ ಉಳಿದುಬಿಡುತ್ತದೆ. ಬಾಯಿಗೆ ಹಾಕಿದಾಗ ಇದು ನೀರಿನಂತೆ ಹರಿಯದೆ ನಾಲಿಗೆಯ ಮೇಲೆ ಕೂರುವುದು ಆ ಉಳಿಕೆಯಿಂದಲೇ.

ಇನ್ನು ಪೀಪಾಯಿ. ಅಮೆರಿಕದ ಕಾನೂನಿನ ಪ್ರಕಾರ ಬೂರ್ಬನ್ ಎಂಬ ವಿಸ್ಕಿಯನ್ನು, ಕನಿಷ್ಠ ಶೇ. 51ರಷ್ಟು ಮೆಕ್ಕೆಜೋಳದಿಂದ ತಯಾರಿಸಿ, ಒಳಮೈಯನ್ನು ಸುಟ್ಟು ಕರಿ ಮಾಡಿದ ಹೊಸ ಓಕ್ ಪೀಪಾಯಿಯಲ್ಲೇ ಇಡಬೇಕು. ಒಮ್ಮೆ ಬಳಸಿದ ಪೀಪಾಯಿ ಬೂರ್ಬನ್‌ಗೆ ಮತ್ತೆ ಬಾರದು. ಸುಮಾರು 200 ಲೀಟರ್ ಹಿಡಿಯುವ ಇಂಥ ಪೀಪಾಯಿಗಳು ಹೀಗೆ ಪೇಟೆಗೆ ಬಂದು ಸ್ಕಾಟ್ಲೆಂಡಿನ ವಿಸ್ಕಿಗೂ ಬೆಂಗಳೂರಿನ ವಿಸ್ಕಿಗೂ ಆಶ್ರಯವಾದವು. ಬಿಯರಿಗೂ ಅದೇ ದಾರಿಯಲ್ಲಿ ಬಂದವು. ಶಿಕಾಗೊದ ಗೂಸ್ ಐಲ್ಯಾಂಡ್ ಬ್ರೂವರಿ 1990ರ ದಶಕದಲ್ಲಿ ಬೂರ್ಬನ್ ಪೀಪಾಯಿಗೆ ಇಂಪೀರಿಯಲ್ ಸ್ಟೌಟ್ ತುಂಬಿ ತಂದ ‘ಬೂರ್ಬನ್ ಕೌಂಟಿ’ ಈ ಬಗೆಯ ಬಿಯರಿಗೆ ಮಾದರಿಯಾಯಿತು. ಖಾಲಿ ಎನಿಸಿದರೂ ಪೀಪಾಯಿಯ ಹಲಗೆಗಳು ಲೀಟರುಗಟ್ಟಲೆ ವಿಸ್ಕಿಯನ್ನು ಕುಡಿದಿರುತ್ತವೆ, ಬಿಯರ್ ಅದನ್ನು ನಿಧಾನವಾಗಿ ಹೊರಗೆಳೆಯುತ್ತದೆ, ಜೊತೆಗೆ ಮರದ ಅಂಶಗಳನ್ನೂ. ಸುಟ್ಟ ಓಕಿನಿಂದ ವೆನಿಲ್ಲಾದ ಘಮ ಕೊಡುವ ವೆನಿಲಿನ್, ಕೊಬ್ಬರಿಯ ವಾಸನೆಯ ಲ್ಯಾಕ್ಟೋನು, ಲವಂಗವನ್ನು ನೆನಪಿಸುವ ಯೂಜಿನಾಲ್, ಅಡಿಕೆಯಲ್ಲಿರುವಂಥ ಒಗರಿನ ಟ್ಯಾನಿನ್ ಇವೆಲ್ಲ ಬಿಯರಿಗೆ ಇಳಿಯುತ್ತವೆ, ಮದ್ಯಸಾರವೂ ಶೇ. 1ರಿಂದ 3ರಷ್ಟು ಏರುತ್ತದೆ.

ಉಷ್ಣತೆಯ ಆಟ ಶುರುವಾಗುವುದು ಇಲ್ಲಿಂದ. ಹಗಲು ಬಿಸಿಯಾದಾಗ ದ್ರವ ಹಿಗ್ಗಿ ಮರದ ರಂಧ್ರಗಳೊಳಗೆ ನುಗ್ಗುತ್ತದೆ, ತಂಪಾದಾಗ ಹಿಂದಿರುಗುತ್ತದೆ; ಅದೇ ಹೊತ್ತಿಗೆ ಒಂದಿಷ್ಟು ಆವಿಯಾಗಿ ಹಾರಿಹೋಗುತ್ತದೆ. ಈ ನಷ್ಟವನ್ನು ವಿಸ್ಕಿ ತಯಾರಕರು ದೇವತೆಗಳ ಪಾಲು ಎನ್ನುತ್ತಾರೆ. ಸ್ಕಾಟ್ಲೆಂಡಿನಲ್ಲಿ ಅದು ವರ್ಷಕ್ಕೆ ಶೇ. 2ರ ಆಸುಪಾಸು, ರಾಧಾಕೃಷ್ಣ ಜಗದಾಳೆ 1948ರಲ್ಲಿ ಸ್ಥಾಪಿಸಿದ, 2004ರಲ್ಲಿ ಗ್ಲಾಸ್ಗೋದಲ್ಲಿ ತನ್ನ ಸಿಂಗಲ್ ಮಾಲ್ಟನ್ನು ಬಿಡುಗಡೆ ಮಾಡಿದ ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನಲ್ಲಿ ಶೇ. 10ರಿಂದ 12. ಅಲ್ಲಿ ದಶಕ ಹಿಡಿಯುವ ಮಾಗುವಿಕೆ ಇಲ್ಲಿ ನಾಲ್ಕೈದು ವರ್ಷಗಳಲ್ಲಿ ಆಗಿಹೋಗುವುದಕ್ಕೂ ಅಮೃತ್ ವಿಸ್ಕಿಗೆ ಜಗತ್ತಿನಲ್ಲಿ ಹೆಸರು ಬರುವುದಕ್ಕೂ ಈ ಶಾಖ ಒಂದು ಕಾರಣ. ಹಾಗಾದರೆ ಬೆಂಗಳೂರಿಗಿಂತ ಬಿಸಿಯಾದ ಸಿಂಧನೂರಿನಲ್ಲಿ ಸ್ಟೌಟ್ ಇನ್ನೂ ಬೇಗ ಮಾಗಬೇಕಲ್ಲವೇ ಎಂದರೆ, ಮಾಗುವುದಿಲ್ಲ, ಕೆಡುತ್ತದೆ. ಶೇ. 60ರ ಆಸುಪಾಸಿನ ಮದ್ಯಸಾರವಿರುವ ವಿಸ್ಕಿಯಲ್ಲಿ ಯಾವ ಸೂಕ್ಷ್ಮಾಣುವೂ ಬದುಕದು, ಶೇ. 12ರ ಬಿಯರಿನಲ್ಲಿ ಉಳಿದ ಸಿಹಿಯೂ ಇದೆ, ಮರದ ಬಿರುಕಿನಲ್ಲಿ ಅಡಗಿದ ಲ್ಯಾಕ್ಟಿಕ್ ಬ್ಯಾಕ್ಟೀರಿಯಾಗಳಿಗೆ ಆಸ್ಪದವೂ ಇದೆ. ಬೂರ್ಬನ್ ಕೌಂಟಿಯ 2015ರ ಬಾಟಲಿಗಳಲ್ಲೇ ಕೆಲವು ಹೀಗೆ ಹುಳಿ ತಿರುಗಿದ್ದರಿಂದ ಕಂಪನಿ ಗ್ರಾಹಕರಿಗೆ ಹಣ ಮರಳಿಸಿ, ಮರುವರ್ಷದಿಂದ ಬಿಯರನ್ನು ಪಾಶ್ಚೀಕರಿಸಬೇಕಾಯಿತು. ಶಿಕಾಗೊದಲ್ಲೇ ಹೀಗಾಗುವುದಾದರೆ ದೋಆಬ್‌ನ ಗೋದಾಮಿನಲ್ಲಿ, ಮೆಣಸಿನಕಾಯಿ ಕಾಪಾಡುವಂಥ ಕೋಲ್ಡ್ ಸ್ಟೋರೇಜ್ ಇಲ್ಲದೆ, ಸ್ಟೌಟಿನ ಪೀಪಾಯಿಯನ್ನು ಒಂದು ಬೇಸಿಗೆ ದಾಟಿಸಲಾಗದು. ಬಾಟಲಿಗೂ ಇದೇ ಮಾತು. ವರ್ಷಗಟ್ಟಲೆ ಇಟ್ಟಷ್ಟೂ ಸೊಗಸಾಗುತ್ತದೆ ಎಂದು ಇದರ ಬಗ್ಗೆ ಹೇಳುವುದು ತಂಪಾದ ನೆಲಮಾಳಿಗೆಯನ್ನು ಉದ್ದೇಶಿಸಿ. ಅಲ್ಮೆರಾದಲ್ಲಿ ಎರಡು ಬೇಸಿಗೆ ಕಳೆದ ಬಾಟಲಿಯಲ್ಲಿ ಒದ್ದೆ ರಟ್ಟಿನ ವಾಸನೆಯೂ ಸೋಯಾ ಸಾಸಿನ ಉಪ್ಪುಪ್ಪು ಛಾಯೆಯೂ ತುಂಬಿರುತ್ತವೆ. ಮೊದಲನೆಯದಕ್ಕೆ ಕಾರಣ ಆಮ್ಲಜನಕ, ಎರಡನೆಯದಕ್ಕೆ ಸತ್ತು ಒಡೆದ ಈಸ್ಟಿನ ಕೋಶಗಳು.

ರುಚಿ ನೋಡುವ ಕ್ರಮಕ್ಕೆ ಬಂದರೆ, ಅದನ್ನು ಕುಡಿಯುವ ಕ್ರಮದಿಂದ ಬೇರೆಯಾಗಿಯೇ ತಿಳಿಯಬೇಕು. ಇಲ್ಲಿ ಬೇಕಾಗುವುದು ಹೊಟ್ಟೆ ಅಗಲವಾಗಿ ಬಾಯಿ ಕಿರಿದಾದ ಗಾಜಿನ ಲೋಟ, ಬ್ರ್ಯಾಂಡಿಯ ಲೋಟವಾದರೂ ಸಾಕು. ಕಿರಿದಾದ ಬಾಯಿ ವಾಸನೆಯನ್ನು ಹಿಡಿದಿಡುತ್ತದೆ, ಸ್ಟೀಲ್ ಲೋಟ ಹಿಡಿದಿಡದು, ಅದರಲ್ಲಿ ಬಣ್ಣವೂ ಕಾಣದು. ಸುರಿಯುವ ಪ್ರಮಾಣ 60ರಿಂದ 90 ಮಿಲಿಲೀಟರ್, ಅದಕ್ಕಿಂತ ಹೆಚ್ಚಲ್ಲ. ಸುರಿದಾಗ ಕಂದು ನೊರೆ ತೆಳ್ಳಗೆ ಏರಿ ಬೇಗ ಅಡಗುತ್ತದೆ. ಇದು ದೋಷವಲ್ಲ, ಹೆಚ್ಚು ಮದ್ಯಸಾರ ನೊರೆಯ ಗುಳ್ಳೆಗಳನ್ನು ಒಡೆಯುತ್ತದೆ, ಪೀಪಾಯಿಯಲ್ಲಿದ್ದ ಕಾಲದಲ್ಲಿ ನೊರೆ ಕಟ್ಟುವ ಅಂಶಗಳೂ ಕುಂದಿರುತ್ತವೆ. ಲೋಟವನ್ನು ಬೆಳಕಿಗೆ ಹಿಡಿದರೆ ಅಂಚಿನಲ್ಲಿ ಮಾತ್ರ ಮಾಣಿಕ್ಯದ ಕೆಂಪು ಕಂಡೀತು.

ಮೂಗಿಗೆ ಮೊದಲ ಪಾಳಿ. ಲೋಟವನ್ನು ಮೆಲ್ಲನೆ ತಿರುಗಿಸಿ, ಬಾಯಿಯನ್ನು ತುಸು ತೆರೆದು, ಉದ್ದನೆಯ ಉಸಿರೆಳೆಯದೆ ಚಿಕ್ಕಚಿಕ್ಕದಾಗಿ ಮೂಸಬೇಕು. ಉದ್ದಕ್ಕೆ ಎಳೆದರೆ ಮದ್ಯಸಾರದ ಘಾಟು ಮೂಗನ್ನು ಜೋಮು ಹಿಡಿಸಿ ಮುಂದಿನದೆಲ್ಲ ತಿಳಿಯದಂತೆ ಮಾಡುತ್ತದೆ. ಮೊದಲು ಮುಖಕ್ಕೆ ಬರುವುದು ಬೂರ್ಬನ್ನಿನ ವೆನಿಲ್ಲಾ ಮತ್ತು ಹುರಿದ ಕೊಬ್ಬರಿ, ಅದರ ಹಿಂದೆ ಕಾಫಿ, ಕರಿ ಚಾಕೊಲೇಟು, ಇನ್ನೂ ಆಳದಲ್ಲಿ ಒಣದ್ರಾಕ್ಷಿ, ಅಂಜೂರ, ಕಾಕಂಬಿ. ಕಬ್ಬಿನ ಗಾಣದ ಬಳಿ ನಿಂತವರಿಗೆ ಈ ಕೊನೆಯದನ್ನು ಗುರುತಿಸುವುದು ಚಾಕೊಲೇಟನ್ನು ಗುರುತಿಸುವುದಕ್ಕಿಂತ ಸುಲಭ. ಹೊರದೇಶದ ರುಚಿಪಟ್ಟಿಯ ಹೆಸರುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ತನ್ನ ಮೂಗು ಬಲ್ಲ ಪದಾರ್ಥವನ್ನೇ ಹೆಸರಿಸುವವನು ಒಳ್ಳೆಯ ಪರೀಕ್ಷಕನಾಗುತ್ತಾನೆ.

ನಂತರ ಒಂದು ಚಮಚೆಯಷ್ಟು ಗುಟುಕು. ಅದನ್ನು ತಕ್ಷಣ ನುಂಗದೆ ನಾಲಿಗೆಯ ಮೇಲೆ ಹರಡಲು ಬಿಟ್ಟರೆ ಮೊದಲು ಸಿಹಿ, ಆಮೇಲೆ ಹುರಿದ ಧಾನ್ಯದ ಮತ್ತು ಹಾಪ್ಸ್‌ನ ಕಹಿ, ಕಡೆಗೆ ಒಸಡಿನ ಬಳಿ ಓಕಿನ ಒಗರು ಸಾಲಾಗಿ ಬರುತ್ತವೆ. ನುಂಗಿ ಮೂಗಿನಿಂದ ಉಸಿರು ಬಿಟ್ಟಾಗ, ಗಂಟಲ ಹಿಂಬದಿಯಿಂದ ಮೂಗಿಗೇರುವ ಗಾಳಿಯಲ್ಲಿ ಮೊದಲು ಸಿಗದಿದ್ದ ವಾಸನೆಗಳು ತಿಳಿಯುತ್ತವೆ. ನಾವು ರುಚಿ ಎನ್ನುವುದರಲ್ಲಿ ಬಹುಪಾಲು ಈ ದಾರಿಯಿಂದ ಬಂದದ್ದೇ. ನೆಗಡಿಯಾದಾಗ ಊಟ ಸಪ್ಪೆಯಾಗುವುದೂ ಇದೇ ಕಾರಣಕ್ಕೆ. ಒಳ್ಳೆಯ ಸ್ಟೌಟ್‌ನಲ್ಲಿ ಸಿಹಿ ಮತ್ತು ಕಹಿ ಒಂದನ್ನೊಂದು ಹಿಡಿದು ನಿಲ್ಲಿಸಿರುತ್ತವೆ, ಎದೆಯಲ್ಲಿ ಹಿತವಾದ ಬಿಸುಪು ಇರುತ್ತದೆಯೇ ಹೊರತು ಉರಿ ಇರುವುದಿಲ್ಲ. ಸಿಹಿಯೊಂದೇ ಅಂಟಿಕೊಂಡು ಉಳಿದರೆ, ಹಸಿ ಹಲಗೆಯನ್ನು ಕಚ್ಚಿದಂಥ ಒಗರು ಬಂದರೆ, ವಿಸ್ಕಿ ಬೇರೆ ಬಿಯರ್ ಬೇರೆ ಎನಿಸಿದರೆ, ಬೆಲೆ ಎಷ್ಟೇ ಇರಲಿ ಅದು ಹದಗೆಟ್ಟದ್ದು.

ಹದದ ಪ್ರಶ್ನೆಯಲ್ಲಿ ಉಷ್ಣತೆ ಮತ್ತೆ ಎದುರಾಗುತ್ತದೆ. ಫ್ರಿಜ್ಜಿನಿಂದ ತೆಗೆದ 4–5 ಡಿಗ್ರಿಯ ಸ್ಟೌಟ್‌ನಲ್ಲಿ ಕರಕಲು ಕಹಿಯಲ್ಲದೆ ಬೇರೇನೂ ಸಿಗದು, ಏಕೆಂದರೆ ತಂಪಿನಲ್ಲಿ ವಾಸನೆಯ ಅಂಶಗಳು ಗಾಳಿಗೆ ಏಳುವುದಿಲ್ಲ. 10–12 ಡಿಗ್ರಿಗೆ ಚಾಕೊಲೇಟು, ಕಾಫಿಗಳು ಬಿಚ್ಚಿಕೊಳ್ಳುತ್ತವೆ, 14–15ಕ್ಕೆ ವೆನಿಲ್ಲಾ ಮತ್ತು ಒಣಹಣ್ಣುಗಳು, 20 ದಾಟಿದ ಮೇಲೆ ಮದ್ಯಸಾರದ ಘಾಟು ಎಲ್ಲವನ್ನೂ ಮುಚ್ಚುತ್ತದೆ. ಚಳಿದೇಶದವರು ಲೋಟವನ್ನು ಅಂಗೈಯಲ್ಲಿ ಬೆಚ್ಚಗೆ ಮಾಡುತ್ತ ಈ ಮೆಟ್ಟಿಲುಗಳನ್ನು ಒಂದು ಗಂಟೆಯಲ್ಲಿ ಏರುತ್ತಾರೆ. ಮಸ್ಕಿಯ ಮೇ ತಿಂಗಳ ಕೋಣೆಯಲ್ಲಿ ಲೋಟ ತಾನೇ ಅಷ್ಟನ್ನೂ ಕೆಲವೇ ನಿಮಿಷಗಳಲ್ಲಿ ಏರಿ ದಾಟಿಬಿಡುತ್ತದೆ. ಆದ್ದರಿಂದ ಇಲ್ಲಿ ಲೋಟದ ಕೆಳತುದಿಯನ್ನಷ್ಟೇ ಹಿಡಿದು, ಬಾಟಲಿಯನ್ನು ಐಸ್‌ನೀರಿನಲ್ಲಿಟ್ಟು, ಒಂದೊಂದು ಗುಟುಕಿನಷ್ಟೇ ಸುರಿದುಕೊಳ್ಳುವುದು ಅನಿವಾರ್ಯ. ಮಣ್ಣಿನ ಗಡಿಗೆಯ ನೀರು ಇದಕ್ಕೆ ಸಾಲದು. ಒಣಗಾಳಿಯಲ್ಲಿ ಅದು ಚೆನ್ನಾಗಿಯೇ ತಣಿದರೂ 20ಕ್ಕಿಂತ ಕೆಳಗೆ ಇಳಿಯುವುದು ಬೇಸಿಗೆಯಲ್ಲಿ ಕಷ್ಟ. ಡಿಸೆಂಬರ್ ರಾತ್ರಿಗಳು ಮಾತ್ರ ಈ ನಾಡಿನಲ್ಲೂ ಸ್ಟೌಟಿಗೆ ಅನುಕೂಲ.

ಜೊತೆಗೆ ತಿನ್ನುವುದರಲ್ಲಿ ಈ ಭಾಗದ ರೂಢಿ ಸ್ಟೌಟಿಗೆ ಒಗ್ಗುವುದಿಲ್ಲ. ಬಾಯಿಯಲ್ಲಿ ಶಾಖವನ್ನು ಗ್ರಹಿಸುವ ನರಗ್ರಾಹಕಗಳು ಸುಮಾರು 42 ಡಿಗ್ರಿಗೆ ಕೆರಳುತ್ತವೆ, ಮೆಣಸಿನಕಾಯಿಯ ಖಾರ ಅವನ್ನೇ ಕೆರಳಿಸುತ್ತದೆ, ಮದ್ಯಸಾರವಾದರೋ ಅವು ಕೆರಳುವ ಮಟ್ಟವನ್ನು ದೇಹದ ಸಹಜ ಶಾಖಕ್ಕಿಂತ ಕೆಳಗೆ ತಂದಿಡುತ್ತದೆ. ಮಿರ್ಚಿ ಭಜಿ ತಿಂದ ಬಾಯಿಗೆ ಶೇ. 12ರ ಬಿಯರ್ ಬೆಂಕಿಯೇ ಸರಿ. ಹುರಿದ ಶೇಂಗಾ, ಶೇಂಗಾ ಹೋಳಿಗೆ, ಹೆಚ್ಚು ಖಾರವಿಲ್ಲದ ಗುರೆಳ್ಳು ಪುಡಿ ಹಚ್ಚಿದ ಕಟಕ ರೊಟ್ಟಿ ಇವು ಹುರಿದ ರುಚಿಗೆ ಹುರಿದ ರುಚಿಯನ್ನೇ ಕೂಡಿಸುವುದರಿಂದ ಚೆನ್ನಾಗಿ ಹೊಂದುತ್ತವೆ.

ರುಚಿಯ ಮಾತಾಡುವಾಗ ಲೆಕ್ಕವನ್ನು ಮರೆಯಬಾರದು. ಶೇ. 12ರ 330 ಮಿ.ಲೀ. ಬಾಟಲಿಯಲ್ಲಿ ಶುದ್ಧ ಮದ್ಯಸಾರ ಸುಮಾರು 40 ಮಿ.ಲೀ.; ಶೇ. 42.8ರ ವಿಸ್ಕಿಯ 90 ಮಿ.ಲೀ. ಪ್ಯಾಕೆಟ್ಟಿನಲ್ಲಿ ಸುಮಾರು 38.5. ಬಿಯರ್ ತಾನೇ ಎಂದು ಒಬ್ಬನೇ ಬಾಟಲಿ ಮುಗಿಸಿದರೆ ಒಂದು ‘ನೈಂಟಿ’ ಮುಗಿಸಿದಂತೆಯೇ. ಈ ಬಿಯರನ್ನು ಮೂರು–ನಾಲ್ಕು ಜನ ಹಂಚಿಕೊಳ್ಳುವ ಪದ್ಧತಿ ಹುಟ್ಟಿದ್ದು ಇದರಿಂದ. ನಿಶೆಗಾಗಿಯೇ ಕುಡಿಯುವವನಿಗೆ ಇದು ದುಬಾರಿ ದಡ್ಡತನ. ಕುಡಿತವೆಂದರೆ ಮನೆ ಹಾಳಾದ ಕಥೆಯೇ ಆಗಿರುವ ಕುಟುಂಬಗಳು ಈ ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ. 2007ರ ಜುಲೈನಲ್ಲಿ ರಾಜ್ಯದಲ್ಲಿ ಸಾರಾಯಿ ನಿಂತ ಮೇಲೆ ಅದರ ಜಾಗಕ್ಕೆ ಅಗ್ಗದ ವಿಸ್ಕಿ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಕೋರಿ ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದ ಮಹಿಳೆಯರ ಪಾದಯಾತ್ರೆಯಲ್ಲಿ ರಾಯಚೂರು ಜಿಲ್ಲೆಯ ಹಳ್ಳಿಗಳ ಹೆಂಗಸರು ಮುಂಚೂಣಿಯಲ್ಲಿದ್ದರು. ರುಚಿ ನೋಡುವುದು ಒಂದು ವಿದ್ಯೆ ಎಂಬ ಮಾತನ್ನು ಆ ಹೆಂಗಸರ ಎದುರು ಆಡುವವರು ಧ್ವನಿ ತಗ್ಗಿಸಿ ಆಡಬೇಕು.

ಅಷ್ಟಕ್ಕೂ ಈ ಬಿಯರ್ ಸಿಂಧನೂರಿನ ಬಾರ್‌ನಲ್ಲಿ ಸಿಗುವಂಥದ್ದಲ್ಲ, ಕಾನೂನೇ ಅದಕ್ಕೆ ಎಡೆಗೊಡುವುದಿಲ್ಲ. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2018ರಲ್ಲಿ ರೂಪಿಸಿ 2019ರ ಏಪ್ರಿಲ್‌ನಿಂದ ಜಾರಿಗೆ ತಂದ ಮಾನದಂಡದಲ್ಲಿ ಸ್ಟ್ರಾಂಗ್ ಬಿಯರಿನ ಮೇಲ್ಮಿತಿ ಶೇ. 8. ಬೆಂಗಳೂರಿನ ಕಿರು ಬ್ರೂವರಿಗಳ ಸ್ಟೌಟುಗಳೂ ಈ ಗೆರೆಯೊಳಗಿನವೇ. ಪೂರ್ಣ ಬಲದ ಇಂಪೀರಿಯಲ್ ಸ್ಟೌಟ್ ಇಲ್ಲಿಗೆ ಬರುವುದು ವಿದೇಶದಿಂದ ಮರಳುವವರ ಪೆಟ್ಟಿಗೆಯಲ್ಲಿ, ಸುಂಕವಿಲ್ಲದೆ ತರಬಹುದಾದ ಎರಡು ಲೀಟರಿನ ಮಿತಿಯಲ್ಲಿ.

ಆದರೂ ಸ್ಟೌಟಿಗೂ ಎರೆನಾಡಿಗೂ ನಿಜವಾದ ನಂಟೊಂದಿದೆ, ಅದು ಜೋಳದ್ದು. ನೈಜೀರಿಯಾ 1988ರಲ್ಲಿ ಬಾರ್ಲಿ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿನ ಬ್ರೂವರಿಗಳು ಜೋಳಕ್ಕೂ ಮೆಕ್ಕೆಜೋಳಕ್ಕೂ ತಿರುಗಿದವು. ಗಿನ್ನೆಸ್‌ನ ಫಾರಿನ್ ಎಕ್ಸ್‌ಟ್ರಾ ಸ್ಟೌಟ್ ಕೂಡ ಜೋಳದಿಂದ ತಯಾರಾಗತೊಡಗಿತು. ಅದರ ಮೈಯೆಲ್ಲ ಆಫ್ರಿಕಾದ ಜೋಳದ್ದು, ಕರಿ ಬಣ್ಣ ಮತ್ತು ಹುರಿದ ಕಹಿ ಮಾತ್ರ ಐರ್ಲೆಂಡಿನಿಂದ ಹೋಗುವ ಗಟ್ಟಿ ಸಾರದ್ದು. ಲಿಂಗಸುಗೂರು, ಮಸ್ಕಿಗಳ ಮಳೆಯಾಶ್ರಿತ ಎರೆಹೊಲಗಳಲ್ಲಿ ಹಿಂಗಾರಿಗೆ ಬೆಳೆಯುವ ಬಿಳಿಜೋಳವೂ ಇದೇ ಕುಲದ್ದು, ಮತ್ತು ಪಂಚಮಿಗೆ ಜೋಳದ ಅರಳು ಹುರಿಯುವ ಮನೆಯಲ್ಲಿ ಏಳುವ ಘಮಕ್ಕೂ ಕರಿ ಮಾಲ್ಟಿನ ಘಮಕ್ಕೂ ಕಾರಣವಾಗುವುದು ಧಾನ್ಯದ ಸಕ್ಕರೆ ಮತ್ತು ಪ್ರೋಟೀನು ಶಾಖದಲ್ಲಿ ಕೂಡಿ ಕಂದಾಗುವ ಒಂದೇ ಬಗೆಯ ಕ್ರಿಯೆ.

ತೊಡಕುಗಳೂ ಇವೆ. ಜೋಳದ ಎಳೆ ಚಿಗುರು ಮೇಯ್ದ ದನ ಸಾಯುವುದು ರೈತರಿಗೆಲ್ಲ ಗೊತ್ತು. ಸಯನೈಡ್ ಬಿಡುವ ಅದೇ ಅಂಶ ಮೊಳಕೆಯಲ್ಲೂ ಇರುವುದರಿಂದ ಮಾಲ್ಟ್ ಮಾಡುವಾಗ ಮೊಳಕೆ, ಬೇರುಗಳನ್ನು ಉಜ್ಜಿ ತೆಗೆದು ಚೆನ್ನಾಗಿ ಒಣಗಿಸಬೇಕು. ಜೋಳದ ಹಿಟ್ಟಿನಂಶ ಬೇಯುವುದು 70 ಡಿಗ್ರಿಯ ಮೇಲೆ, ಅದನ್ನು ಸಕ್ಕರೆ ಮಾಡುವ ಮುಖ್ಯ ಕಿಣ್ವವೊಂದು ಅಷ್ಟರೊಳಗೆ ಸತ್ತಿರುತ್ತದೆ. ಹೀಗಾಗಿ ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಕಿಣ್ವದ ತಿಳಿಯನ್ನು ಬೇರೆ ತೆಗೆದಿಟ್ಟು, ಉಳಿದ ನುಚ್ಚನ್ನು ಬೇಯಿಸಿ, ಆರಿಸಿ, ಮತ್ತೆ ತಿಳಿಯನ್ನು ಕೂಡಿಸಬೇಕು, ಇಲ್ಲವೇ ಹೊರಗಿನ ಕಿಣ್ವ ಬಳಸಬೇಕು. ಇಷ್ಟಾದರೆ ಶೇ. 7.5ರ ನೈಜೀರಿಯಾ ಮಾದರಿಯ ಸ್ಟೌಟ್ ಭಾರತದ ಮಿತಿಯೊಳಗೇ ನಿಲ್ಲುತ್ತದೆ; ಪೀಪಾಯಿಗೆ ಹಾಕಿದೊಡನೆ ಮಾತ್ರ ಮರದೊಳಗಿನ ವಿಸ್ಕಿ ಸೇರಿ ಶೇ. 8ನ್ನು ದಾಟುತ್ತದೆ. ದಾಟದಿರಲು ಶೇ. 6ರಿಂದ ಅಥವಾ ಅದಕ್ಕೂ ಕೆಳಗಿನಿಂದ ಆರಂಭಿಸಬೇಕು, ಮತ್ತು ಅಷ್ಟು ತೆಳುವಾದ ಬಿಯರನ್ನು ಹುಳಿಯದಂತೆ ತಿಂಗಳುಗಟ್ಟಲೆ ಮರದಲ್ಲಿ ಇಡಬೇಕಾದರೆ ಕೋಣೆ ಹಗಲಿರುಳೂ 12–13 ಡಿಗ್ರಿಯಲ್ಲಿ ನಿಂತಿರಬೇಕು.